ಹೃದಯ ವೈಫಲ್ಯ: ದಾದಿಯ ಪಾಠವೂ ಚಿಕಿತ್ಸೆಯಾದ ಬಗೆ

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದು ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ನೂಕುವ ಶಕ್ತಿ ಹೃದಯದಲ್ಲಿ ಕುಂದಿದಾಗ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ದೇಹದಲ್ಲೇ ಉಳಿಸಿಕೊಳ್ಳುತ್ತವೆ. ಆಗ ಕಾಲು ಬಾತುಕೊಳ್ಳುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ.

ಇಂಥ ಬಾವಿಗೆ ಫಾಕ್ಸ್‌ಗ್ಲೋವ್ ಗಿಡದ ಎಲೆಯಿಂದ ಚಿಕಿತ್ಸೆ ನೀಡುವುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದರು. ಅದೇ ಡಿಜಿಟಾಲಿಸ್. ಅದು ಸಾಲದಿದ್ದಾಗ ಬಾತ ಕಾಲಿನ ಚರ್ಮದಡಿ ಸಣ್ಣ ಕೊಳವೆ ತೂರಿಸಿ ನೀರು ಬಸಿಯುವ ಪದ್ಧತಿಯೂ ಇತ್ತು. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ದೀರ್ಘಕಾಲದ ವಿಶ್ರಾಂತಿಯೇ ಚಿಕಿತ್ಸೆಯ ಮುಖ್ಯ ಭಾಗವಾಗಿತ್ತು. ರೋಗಿಯನ್ನು ದಿಂಬಿಗೆ ಒರಗಿಸಿ ಕೂರಿಸುವುದು, ಕುಡಿದ ನೀರು ಹಾಗೂ ಹೋದ ಮೂತ್ರದ ಲೆಕ್ಕ ಇಡುವುದು ದಾದಿಯ ಕೆಲಸ.

1950ರ ದಶಕದ ಕೊನೆಯಲ್ಲಿ ಕ್ಲೋರೋಥಯಜೈಡ್, 1960ರ ದಶಕದಲ್ಲಿ ಫ್ಯೂರೋಸೆಮೈಡ್ ಎಂಬ ಮೂತ್ರವರ್ಧಕ ಮಾತ್ರೆಗಳು ಬಳಕೆಗೆ ಬಂದವು. ರೋಗಿ ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಳ್ಳುವುದು ಸಾಧ್ಯವಾಯಿತು. ಆದರೆ ದಾದಿ ಇಡುತ್ತಿದ್ದ ಲೆಕ್ಕವನ್ನು ಮನೆಯಲ್ಲಿ ಇಡುವವರು ಯಾರು? ಮಾತ್ರೆ ತಪ್ಪಿಸಿ, ಉಪ್ಪು ಹೆಚ್ಚಾಗಿ, ಅನೇಕರು ಕೆಲವೇ ವಾರಗಳಲ್ಲಿ ಆಸ್ಪತ್ರೆಗೆ ಮರಳುತ್ತಿದ್ದರು.

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮೈಕೇಲ್ ರಿಚ್ ಮತ್ತು ಸಂಗಡಿಗರು ಇದಕ್ಕೆ ಪರಿಹಾರವೊಂದನ್ನು ಪರೀಕ್ಷಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. 70 ವರ್ಷ ಅಥವಾ ಅದಕ್ಕೂ ಹೆಚ್ಚಿನ ವಯಸ್ಸಿನ 282 ರೋಗಿಗಳಲ್ಲಿ 142 ಮಂದಿಗೆ ದಾದಿಯೊಬ್ಬರು ರೋಗದ ಬಗ್ಗೆ ಪಾಠ ಹೇಳಿದರು. ಜೊತೆಗೆ ಆಹಾರ ಸಲಹೆ, ಔಷಧಿಗಳ ಪರಿಶೀಲನೆ, ಮನೆ ಭೇಟಿ, ದೂರವಾಣಿ ವಿಚಾರಣೆ ಇದ್ದವು. ಉಳಿದ 140 ಮಂದಿಗೆ ರೂಢಿಯ ಚಿಕಿತ್ಸೆ. 90 ದಿನಗಳಲ್ಲಿ ಹೃದಯ ವೈಫಲ್ಯದಿಂದಾದ ಮರುದಾಖಲೆಗಳು ರೂಢಿಯ ಗುಂಪಿನಲ್ಲಿ 54, ಪಾಠ ಪಡೆದ ಗುಂಪಿನಲ್ಲಿ 24. ಪಾಠ ಹೇಳುವುದೂ ಔಷಧಿಯಂತೆ ಅಳೆದು ನೋಡಬಹುದಾದ ಚಿಕಿತ್ಸೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಪಾಠದಲ್ಲಿ ಇಂದು ತೂಕದ ಯಂತ್ರಕ್ಕೆ ಮುಖ್ಯ ಸ್ಥಾನವಿದೆ. ಒಂದು ಲೀಟರ್ ನೀರಿನ ತೂಕ ಸುಮಾರು ಒಂದು ಕಿಲೋಗ್ರಾಂ. ಆದ್ದರಿಂದ ಬಾವು ಕಣ್ಣಿಗೆ ಬೀಳುವ ಮೊದಲೇ ತೂಕ ಏರಿರಬಹುದು. ಪ್ರತಿದಿನ ಬೆಳಿಗ್ಗೆ ಮೂತ್ರ ವಿಸರ್ಜಿಸಿ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಬೇಕು. ಮೂರು ದಿನಗಳಲ್ಲಿ 2 ಕಿಲೋಗ್ರಾಂಗಿಂತ ಹೆಚ್ಚು ಏರಿದರೆ ವೈದ್ಯರಿಗೆ ತಿಳಿಸಬೇಕು.

ಮುಂದಿನ ಫಲಿತಾಂಶಗಳೆಲ್ಲ ಅನುಕೂಲಕರವಾಗಿರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ 1,023 ರೋಗಿಗಳ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದ್ರೋಗ ತಜ್ಞರ ನಿಗಾದಲ್ಲಿದ್ದವರಿಗೆ ದಾದಿಯ ಹೆಚ್ಚುವರಿ ನೆರವಿನಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ 1,653 ರೋಗಿಗಳು ತಮ್ಮ ತೂಕ, ಲಕ್ಷಣಗಳನ್ನು ಸ್ವಯಂಚಾಲಿತ ದೂರವಾಣಿಗೆ ತಿಳಿಸುವ ವ್ಯವಸ್ಥೆಯ ಪರೀಕ್ಷೆಯಲ್ಲಿಯೂ (2010) ಮರುದಾಖಲೆಗಳು ಕಡಿಮೆಯಾಗಲಿಲ್ಲ. ಎಷ್ಟೋ ಮಂದಿ ಕರೆ ಮಾಡುವುದನ್ನೇ ಬಿಟ್ಟಿದ್ದರು.

ಪಾಠ ರೋಗಿಯ ದಿನಚರಿಗೆ ಹೊಂದಬೇಕು. ನಮ್ಮಲ್ಲಿ ‘ಉಪ್ಪು ಕಡಿಮೆ ಮಾಡಿ’ ಎಂದಷ್ಟೇ ಹೇಳಿದರೆ ಸಾರಿನ ಉಪ್ಪು ಮಾತ್ರ ಕಡಿಮೆಯಾದೀತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನೂ ಹೆಸರಿಸಿ, ಅಡುಗೆ ಮಾಡುವವರನ್ನೂ ಜೊತೆಗೆ ಕೂರಿಸಿಕೊಂಡು ಹೇಳುವುದು ಅಗತ್ಯ.