ಶಾಸ್ತ್ರಜ್ಞರ ಮಾತು, ರೈತರ ಕಿವಿ: ದಾವಣಗೆರೆ ಸೀಮೆಯನ್ನು ಕುರಿತು ಒಂದು ವಿಚಾರ

ನೆಲ, ನೀರು, ಕಾಡುಗಳನ್ನು ಮುಂದಿನ ಪೀಳಿಗೆಗೆ ಕುಂದದಂತೆ ಉಳಿಸಿಕೊಡುವ ಬಗೆಯನ್ನು ವಿಚಾರಿಸುವ ಶಾಸ್ತ್ರಕ್ಕೆ ಇಂದು ಸುಸ್ಥಿರತೆಯ ವಿಜ್ಞಾನವೆಂದು ಹೆಸರು. 1987ರಲ್ಲಿ ಬ್ರುಂಟ್ಲಾಂಡ್ ಆಯೋಗದ ವರದಿ ಪ್ರಕಟವಾದ ಮೇಲೆ ಸುಸ್ಥಿರ ಅಭಿವೃದ್ಧಿಯೆಂಬ ಮಾತು ಲೋಕದಲ್ಲೆಲ್ಲ ರೂಢಿಗೆ ಬಂದಿತು. ಆದರೆ ಶಾಸ್ತ್ರವನ್ನು ಬಲ್ಲವರು ಅದನ್ನು ಜನಸಾಮಾನ್ಯರಿಗೆ ತಿಳಿಸುವ ಬಗೆಯನ್ನು ಎಲ್ಲಿ ಕಲಿಯಬೇಕು? ಪ್ರಶ್ನೆ ಹೊಸದಾಗಿ ತೋರಿದರೂ ನಮ್ಮ ನಾಡಿನಲ್ಲಿ ಅದಕ್ಕೆ ನೂರು ವರ್ಷಗಳ ಚರಿತ್ರೆಯುಂಟು.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಚನ್ನಗಿರಿಯಲ್ಲಿ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಸೂಳೆಕೆರೆ, ಎಂದರೆ ಶಾಂತಿಸಾಗರ, ಶತಮಾನಗಳಿಂದ ನಿಂತಿದೆ. ಹೊನ್ನಾಳಿಯೂ, ಮೊದಲು ಅದರ ಭಾಗವೇ ಆಗಿದ್ದ ನ್ಯಾಮತಿಯೂ ತುಂಗಭದ್ರೆಯ ಸೀಮೆ. ಜಗಳೂರಾದರೋ ಮಳೆಯನ್ನೇ ನಂಬಿ ಮೇಲಿಂದ ಮೇಲೆ ಬರವನ್ನುಂಡ ನಾಡು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು 1997ರಲ್ಲಿ ಒಂದೇ ಜಿಲ್ಲೆಗೆ ಸೇರಿದವು. ನೀರಿನ ಅನುಭವ ಹೀಗೆ ಬೇರೆಬೇರೆಯಾಗಿರುವಲ್ಲಿ ಒಂದೇ ಉಪನ್ಯಾಸ ಎಲ್ಲ ಕಡೆಗೂ ಸಲ್ಲದೆಂಬುದು ಸ್ಪಷ್ಟ.

ಕನ್ನಡದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರನ್ನೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರನ್ನೂ ಸ್ಮರಿಸಬೇಕು. 1918ರಲ್ಲಿ ಅವರು ಹೊರಡಿಸಿದ 'ವಿಜ್ಞಾನ' ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಮುಂದೆ 1933ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳನ್ನು ಆರಂಭಿಸಿತು. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದರು. ಆ ಮಾತುಗಳು ಅಲ್ಪ ಬೆಲೆಯ ಕಿರುಹೊತ್ತಗೆಗಳಾದವು. ಇಂಗ್ಲಿಷಿನಲ್ಲಿ ಕಲಿತು ಇಂಗ್ಲಿಷಿನಲ್ಲೇ ಕಲಿಸುತ್ತಿದ್ದ ವಿದ್ವಾಂಸರಿಗೆ ಇದೇ ಒಂದು ಪಾಠಶಾಲೆಯಾಯಿತೆಂದು ನಾವು ಭಾವಿಸುತ್ತೇವೆ.

ಆದರೂ ಉಪನ್ಯಾಸದಲ್ಲಿ ಒಂದು ಕೊರತೆಯುಂಟು: ವಿದ್ವಾಂಸರು ನುಡಿಯುವವರು, ರೈತರು ಕೇಳುವವರು ಮಾತ್ರ. ಇದಕ್ಕಿಂತ ಹಿಂದಿನ ನಿದರ್ಶನವೊಂದು ಬೇರೆ ದಾರಿಯನ್ನು ತೋರಿಸುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮಲೆನಾಡಿನ ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರಿಗೆ ಬಂದ ಲೆಸ್ಲಿ ಕೋಲ್ಮನ್ ಅವರು ಆ ರೋಗವನ್ನು ಪರೀಕ್ಷಿಸಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಆ ಕ್ರಮ ಇಂದಿಗೂ ಉಳಿದಿದೆ. ಕಾಪಾಡಬೇಕಾದುದು ಗೊನೆಯನ್ನೇ ಎಂಬಲ್ಲಿ ಬೆಳೆಗಾರನ ಅನುಭವವೂ ಶಾಸ್ತ್ರವೂ ಒಂದಾಗಿದ್ದವು. ಫಲವು ಗೊನೆಯಲ್ಲೇ ಕಣ್ಣಿಗೆ ಕಂಡಾಗ ದೀರ್ಘ ವ್ಯಾಖ್ಯಾನದ ಅಗತ್ಯ ಉಳಿಯಲಿಲ್ಲ.

ಇಂದು ಚನ್ನಗಿರಿಯಲ್ಲಿ ಅಡಿಕೆ ತೋಟಗಳು ಹಬ್ಬಿವೆ, ಕೊಳವೆಬಾವಿಗಳು ಆಳಕ್ಕಿಳಿದಿವೆ. 'ಅಂತರ್ಜಲ ಮರುಪೂರಣ'ವೆಂದರೆ ಜಗಳೂರಿನ ರೈತ ಸುಮ್ಮನಿದ್ದಾನು. 'ಕೆರೆ ತುಂಬಿದ ವರ್ಷ ನಿಮ್ಮ ಬಾವಿಯ ಒರತೆ ಎಷ್ಟು ದಿನ ನಿಂತಿತು?' ಎಂದು ಕೇಳಿದರೆ ಶಾಸ್ತ್ರಜ್ಞನಿಗೇ ಬೇಕಾದ ಸಂಗತಿಗಳನ್ನು ಹೇಳಿಯಾನು. ಏರಿ, ತೂಬು, ಕೋಡಿ, ನೀರುಗಂಟಿ ಎಂಬ ಮಾತುಗಳಲ್ಲಿ ಅಡಗಿರುವ ಜ್ಞಾನವನ್ನು ಅರಿಯದವನು ಅದೇ ಜನಕ್ಕೆ ನೀರಿನ ಮಿತವ್ಯಯವನ್ನು ಬೋಧಿಸುವುದು ಹೇಗೆ?

ಆದುದರಿಂದ ಸಂಶೋಧನ ವಿದ್ಯಾರ್ಥಿಗಳ ಶಿಕ್ಷಣದಲ್ಲಿ ಕೇಳುವುದು ಮೊದಲು, ಹೇಳುವುದು ಅನಂತರ ಬರಬೇಕೆಂಬುದು ನಮ್ಮ ಅಭಿಪ್ರಾಯ. ನೀರನ್ನು ಕುರಿತ ಪ್ರತಿಯೊಂದು ಮಹಾಪ್ರಬಂಧವನ್ನೂ ಪರೀಕ್ಷಕರ ಮುಂದಿಡುವ ಮುನ್ನ ಒಂದು ಸಂಜೆ ಆ ಊರಿನ ಕೆರೆಯ ಏರಿಯ ಮೇಲೆ ಕನ್ನಡದಲ್ಲಿ ವಿವರಿಸುವ ನಿಯಮವನ್ನು ನಮ್ಮ ವಿಭಾಗಗಳು ಕೈಕೊಳ್ಳಬಹುದು. ಅಲ್ಲಿ ಏಳುವ ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದರೆ, ಸಂಶೋಧನೆ ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು.