ಸುರ್ಮಾದಿಂದ ಲಿಪ್‌ಸ್ಟಿಕ್‌ವರೆಗೆ: 'ಹಲಾಲ್ ಮೇಕಪ್' ಎಲ್ಲಿಂದ ಬಂತು?

ಹಲಾಲ್ ಅಂದರೆ ಮಾಂಸಕ್ಕೆ ತಾನೆ, ತುಟಿಗೆ ಹಚ್ಚೋ ಬಣ್ಣಕ್ಕೂ ಉಂಟಾ? ಹೀಗೆ ಕೇಳುವವರಲ್ಲಿ ಮುಸ್ಲಿಮರೂ ಇದ್ದಾರೆ. ಆದರೆ ಮೊಬೈಲ್‌ನಲ್ಲಿ ಶಾಪಿಂಗ್ ಆ್ಯಪ್ ತೆರೆದರೆ 'ಹಲಾಲ್ ಸರ್ಟಿಫೈಡ್' ಲಿಪ್‌ಸ್ಟಿಕ್, ಕಾಜಲ್, ನೇಲ್ ಪಾಲಿಶ್ ಸಾಲಾಗಿ ಬರುತ್ತವೆ. ಇದು ಬರೀ ವ್ಯಾಪಾರದ ಗಿಮಿಕ್ಕೋ, ಹಿಂದೆ ಏನಾದರೂ ಕಥೆ ಇದೆಯೋ ನೋಡೋಣ.

ಹಲಾಲ್ ಅಂದರೆ ಧರ್ಮ ಒಪ್ಪುವಂಥದ್ದು, ಅಷ್ಟೇ. ಹಂದಿಯಿಂದ ಬಂದದ್ದು, ವಿಧಿಯಂತೆ ಕೊಯ್ಯದ ಪ್ರಾಣಿಯ ಕೊಬ್ಬು ಇವೆಲ್ಲ ಒಪ್ಪಿತವಲ್ಲ. ತುಟಿಗೆ ಹಚ್ಚಿದ್ದು ಊಟದ ಜೊತೆ ಹೊಟ್ಟೆಗೂ ಹೋಗುತ್ತದೆ. ನಮಾಜಿಗೆ ನಿಲ್ಲುವಾಗ ಮೈ ಶುದ್ಧವಾಗಿರಬೇಕು. ಹಾಗಾಗಿ ಮೈಮೇಲೆ ಹಚ್ಚುವುದಕ್ಕೂ ಈ ಪ್ರಶ್ನೆ ಇದೆ.

ಹಳೇ ಕಾಲದಲ್ಲಿ ಈ ಪ್ರಶ್ನೆ ಯಾರಿಗೂ ಅಷ್ಟಾಗಿ ಬಂದಿರಲಿಕ್ಕಿಲ್ಲ. ಅಲಂಕಾರದ ಸಾಮಾನು ಕಣ್ಣೆದುರೇ ತಯಾರಾಗುತ್ತಿತ್ತು. ಮೆಹಂದಿ ಬೇಲಿಯ ಗಿಡದಿಂದ, ಕಾಡಿಗೆ ಹರಳೆಣ್ಣೆ ದೀಪದ ಮಸಿಯಿಂದ. ಪ್ರವಾದಿಯವರು ಕಣ್ಣಿಗೆ 'ಇಸ್ಮಿದ್' ಎಂಬ ಸುರ್ಮಾ ಹಚ್ಚುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಸ್ಪೇನ್ ದೇಶದ ಕಾರ್ಡೋಬಾದ ಹತ್ತಿರ ಸಾವಿರ ವರ್ಷದ ಹಿಂದೆ ಇದ್ದ ವೈದ್ಯ ಅಲ್ ಜಹ್ರಾವಿ 30 ಭಾಗಗಳ ವೈದ್ಯಗ್ರಂಥ ಬರೆದ. ಅದರ 19ನೇ ಭಾಗ ಪೂರ್ತಿ ಸೌಂದರ್ಯದ ಸಾಮಾನುಗಳಿಗೇ ಮೀಸಲು. ಇಸ್ಲಾಮಿಗೂ ಅಲಂಕಾರಕ್ಕೂ ಆಗಿಬರುವುದಿಲ್ಲ ಅನ್ನುವವರು ಇದನ್ನು ಗಮನಿಸಬೇಕು. ಅತ್ತರಿನ ವಿಷಯದಲ್ಲಿ ನಮ್ಮ ನಾಡಿನ ನಂಟೂ ಇದೆ. ಸಾಂಪ್ರದಾಯಿಕ ಅತ್ತರನ್ನು ಸ್ಪಿರಿಟ್‌ನಲ್ಲಿ ಅಲ್ಲ, ಗಂಧದೆಣ್ಣೆಯಲ್ಲಿ ಇಳಿಸುತ್ತಿದ್ದರು. ಆ ಎಣ್ಣೆಗೆ ಹೆಸರಾದ ಸೀಮೆ ಮೈಸೂರು. 1916ರಲ್ಲಿ ಅಲ್ಲಿ ಸರ್ಕಾರವೇ ಗಂಧದೆಣ್ಣೆ ಕಾರ್ಖಾನೆ ತೆರೆಯಿತು.

ತೊಂದರೆ ಶುರುವಾದದ್ದು ಎಲ್ಲವೂ ಕಾರ್ಖಾನೆಗೆ ಹೋದ ಮೇಲೆ. ಡಬ್ಬಿ ಮಾತ್ರ ಮನೆಗೆ ಬಂತು, ಒಳಗೇನಿದೆ ಅನ್ನೋದು ಅಲ್ಲೇ ಉಳಿಯಿತು. ಕಾಣದ ಕೊಬ್ಬಿನ ಅನುಮಾನ ನಮ್ಮ ದೇಶಕ್ಕೆ ಹೊಸದೇನಲ್ಲ. 1857ರಲ್ಲಿ ತೋಟಾಗಳಿಗೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿಗೆ ಹಿಂದೂ, ಮುಸ್ಲಿಂ ಸಿಪಾಯಿಗಳಿಬ್ಬರೂ ಸಿಡಿದೆದ್ದರು. 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸಿದ ಹಗರಣ ದೇಶವನ್ನೇ ಅಲುಗಾಡಿಸಿತು.

ಮೇಕಪ್ಪಿನಲ್ಲಿ ಅಂಥದ್ದೇನಿರುತ್ತದೆ? ಗ್ಲಿಸರಿನ್, ಸ್ಟಿಯರಿಕ್ ಆಸಿಡ್ ಗಿಡದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಪ್ಯಾಕೆಟ್ಟಿನ ಮೇಲೆ ಎರಡಕ್ಕೂ ಹೆಸರು ಒಂದೇ! ಕೊಲಾಜನ್, ಜೆಲಾಟಿನ್ ಪ್ರಾಣಿಯ ಚರ್ಮ, ಮೂಳೆಯಿಂದ ಬರುವಂಥವು. ಲಿಪ್‌ಸ್ಟಿಕ್‌ನ ಕೆಂಪಿಗೆ ಬಳಸುವ 'ಕಾರ್ಮೈನ್' ಬರುವುದು ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಒಂದು ಹುಳುವಿನಿಂದ. ಮೂಲ ಮೆಕ್ಸಿಕೊ ಕಡೆಯದು. ಈ ಬಣ್ಣದ ಆಸೆಗೆ ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಆ ಹುಳುವನ್ನು ಭಾರತಕ್ಕೆ ತರಿಸಿತು. ಬಂದದ್ದು ಬೇರೆ ಜಾತಿಯ ಹುಳು. ಒಳ್ಳೇ ಬಣ್ಣ ಕೊಡಲಿಲ್ಲ, ಕಳ್ಳಿಯನ್ನು ಮಾತ್ರ ಚೆನ್ನಾಗಿ ತಿಂದುಹಾಕಿತು. ಈಗ ಲೇಬಲ್‌ನಲ್ಲಿ ಸಿಐ 75470 ಅಂತಿದ್ದರೆ ಅದು ಇದೇ ಹುಳುವಿನ ಕೆಂಪು.

ಈ ಹುಳುವಿನ ಬಗ್ಗೆ ಮೌಲ್ವಿಗಳಲ್ಲೇ ಒಮ್ಮತವಿಲ್ಲ. ಇಂಡೋನೇಷ್ಯಾದ ಉಲೆಮಾ ಮಂಡಳಿ 2011ರಲ್ಲಿ ಆಗಬಹುದು ಅಂದಿತು. ಹನಫಿ ಪಂಥದ ಹಲವು ವಿದ್ವಾಂಸರು ಒಪ್ಪುವುದಿಲ್ಲ. ನಮ್ಮಲ್ಲಿ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು, ಘಟ್ಟದ ಮೇಲೆ ಹೆಚ್ಚಿನವರು ಹನಫಿಗಳು. ಹಾಗಾಗಿ ಯೂಟ್ಯೂಬ್‌ನಲ್ಲಿ ಯಾರೋ ಹೇಳಿದ್ದನ್ನು ಹಿಡಿಯುವುದಕ್ಕಿಂತ ನಿಮ್ಮ ಪಂಥದ ಬಲ್ಲವರನ್ನು ಕೇಳುವುದು ಲೇಸು. ಇನ್ನೊಂದು ಮಾತು: ಸೀಟೈಲ್ ಆಲ್ಕೋಹಾಲ್ ಅಂತ ಓದಿ ಗಾಬರಿಯಾಗಬೇಡಿ. ಅದು ಮೇಣದಂಥ ಪದಾರ್ಥ, ಹೆಂಡಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದು ಗಿಡದ ಮೂಲದ್ದೇ ಅಂತ ನೋಡಿಕೊಂಡರೆ ಸಾಕು.

ಈಗಿನ ಹಲಾಲ್ ಮುದ್ರೆಯ ಕಥೆಗೆ ಇಂಡೋನೇಷ್ಯಾಕ್ಕೇ ಹೋಗಬೇಕು. 1988ರಲ್ಲಿ ಅಲ್ಲಿನ ಮಲಾಂಗ್ ನಗರದ ಬ್ರಾವಿಜಯ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು, ಅಂಗಡಿಯ ಎಷ್ಟೋ ತಿಂಡಿ ತಿನಿಸುಗಳಲ್ಲಿ ಹಂದಿಯ ಅಂಶವಿರಬಹುದು ಎಂದು ಬರೆದರು. ಸುದ್ದಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಜನ ಕೊಳ್ಳುವುದನ್ನೇ ಬಿಟ್ಟರು, ಕಂಪನಿಗಳು ತತ್ತರಿಸಿದವು. ಮರುವರ್ಷ, 1989ರಲ್ಲಿ, ಉಲೆಮಾ ಮಂಡಳಿ ತಪಾಸಣೆಗೇ ಒಂದು ಸಂಸ್ಥೆ ಕಟ್ಟಿತು. ಅಲ್ಲಿಂದ ಮುದ್ರೆಗೆ ಬೆಲೆ ಬಂತು. ನೂರ್‌ಹಯಾತಿ ಸುಬಾಕತ್ ಎಂಬ ಔಷಧಶಾಸ್ತ್ರ ಓದಿದ ಹೆಣ್ಣುಮಗಳು 1985ರಲ್ಲಿ ತಲೆಗೂದಲಿನ ಸಾಮಾನಿನಿಂದ ವ್ಯಾಪಾರ ಆರಂಭಿಸಿದ್ದರು. 1995ರಲ್ಲಿ 'ವಾರ್ದಾ' ಎಂಬ ಮೇಕಪ್ ತಂದರು. ಅರಬ್ಬಿಯಲ್ಲಿ ಹಾಗೆಂದರೆ ಗುಲಾಬಿ. ಅದೀಗ ಆ ದೇಶದ ದೊಡ್ಡ ಬ್ರಾಂಡ್‌ಗಳಲ್ಲಿ ಒಂದು. ಮಲೇಷ್ಯಾ 2008ರಲ್ಲಿ ಮೇಕಪ್ಪಿಗೆಂದೇ ಹಲಾಲ್ ಮಾನದಂಡ ಬರೆಯಿತು. ಇಂಡೋನೇಷ್ಯಾ 2014ರಲ್ಲಿ ಕಾನೂನನ್ನೇ ಮಾಡಿ, ಸೌಂದರ್ಯವರ್ಧಕಗಳಿಗೆ 2026ರ ಅಕ್ಟೋಬರ್ 17ರ ಗಡುವು ಹಾಕಿತು.

ನಮ್ಮಲ್ಲಿ? ಮೇಕಪ್ಪು, ಔಷಧಿಗೂ ಸಸ್ಯಾಹಾರ ಮಾಂಸಾಹಾರದ ಚುಕ್ಕಿ ಬೇಕೆಂದು ಒಬ್ಬರು ಕೋರ್ಟಿಗೆ ಹೋಗಿದ್ದರು. 2002ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಆದರೂ ಹಲವು ಕಂಪನಿಗಳು ಹಸಿರು ಚುಕ್ಕಿ ಹಾಕುತ್ತವೆ. ದುಬಾರಿ ಹಲಾಲ್ ಬ್ರಾಂಡ್ ಕೊಳ್ಳಲಾಗದವರಿಗೆ ನನ್ನ ಲೆಕ್ಕದಲ್ಲಿ ಆ ಚುಕ್ಕಿಯೇ ದೊಡ್ಡ ಆಸರೆ. ಪ್ರಾಣಿಮೂಲದ ಚಿಂತೆ ಅಲ್ಲಿಗೇ ಬಹುಪಾಲು ತೀರುತ್ತದೆ. ಅಹಮದಾಬಾದಿನಲ್ಲಿ 2014ರಲ್ಲಿ 'ಇಬಾ' ಬ್ರಾಂಡ್ ಆರಂಭವಾಯಿತು. ಮುದ್ರೆ ರಾಜಕೀಯದ ಬಾಯಿಗೂ ಬಿತ್ತು. 2022ರ ಯುಗಾದಿ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ಗದ್ದಲ, 2023ರ ನವೆಂಬರ್‌ನಲ್ಲಿ ಉತ್ತರ ಪ್ರದೇಶ ಸರ್ಕಾರ ಹಲಾಲ್ ಮುದ್ರೆಯ ಸಾಮಾನಿನ ಮಾರಾಟಕ್ಕೇ ನಿಷೇಧ. ರಫ್ತಿಗೆ ಮಾತ್ರ ವಿನಾಯಿತಿ. ಹೊರದೇಶದ ಗಿರಾಕಿಗೆ ಆಗಬಹುದು, ಒಳಗಿನವರಿಗೆ ಬೇಡ ಅನ್ನುವ ತರ್ಕ ನನಗಂತೂ ತಲೆಗೆ ಹತ್ತಲಿಲ್ಲ.

ನೇಲ್ ಪಾಲಿಶ್ ಗೋಜಲು ಬೇರೆ. ವುಜೂ ಮಾಡುವಾಗ ಉಗುರಿಗೆ ನೀರು ತಾಗಬೇಕು, ಪಾಲಿಶ್ ಅಡ್ಡ ನಿಲ್ಲುತ್ತದೆ. ಹಾಗಾಗಿ ಎಷ್ಟೋ ಹೆಣ್ಣುಮಕ್ಕಳು ನಮಾಜ್ ಇಲ್ಲದ ಮುಟ್ಟಿನ ದಿನಗಳಲ್ಲಿ ಮಾತ್ರ ಹಚ್ಚಿ, ಸ್ನಾನಕ್ಕೆ ಮುಂಚೆ ತೆಗೆಯುತ್ತಾರೆ. ಪೋಲೆಂಡಿನ ಇಂಗ್ಲಾಟ್ ಕಂಪನಿ ಗಾಳಿ, ಆವಿ ಹಾಯುವ ಪಾಲಿಶ್ ತಂದಾಗ ದಾರಿ ಸಿಕ್ಕಿತೆಂದು ಹಲವರು ಹಿಗ್ಗಿದರು. ಆದರೆ ಆವಿ ಹಾಯುವುದು ಬೇರೆ, ನೀರು ಉಗುರು ಮುಟ್ಟುವುದು ಬೇರೆ ಎಂದು ಒಪ್ಪದ ವಿದ್ವಾಂಸರೂ ಇದ್ದಾರೆ. ಮೆಹಂದಿಗೆ ಈ ತಕರಾರಿಲ್ಲ, ಅದು ಬರೀ ಬಣ್ಣ, ಪದರ ಕಟ್ಟುವುದಿಲ್ಲ.

ಮುದ್ರೆ ಇದ್ದ ಮಾತ್ರಕ್ಕೆ ಮೈಗೆ ಒಳ್ಳೇದು ಅಂತಲ್ಲ. ಬಹಳಷ್ಟು ಸುರ್ಮಾ ಈಗ ಇಸ್ಮಿದ್ ಅಲ್ಲ, ಸೀಸದ ಅದಿರಿನ ಪುಡಿ. ಮಕ್ಕಳ ಕಣ್ಣಿಗೆ ಖಂಡಿತ ಹಚ್ಚಬೇಡಿ. ಐದೇ ನಿಮಿಷಕ್ಕೆ ಕಪ್ಪಗಾಗುವ ಮೆಹಂದಿ ಕೋನ್‌ನಲ್ಲಿ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ ಇರಬಹುದು, ಕೈ ಬೊಬ್ಬೆ ಬರುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳಿಯಾಗುವ ಕ್ರೀಮ್ ಹಚ್ಚಿದವರ ಕಿಡ್ನಿಗೇ ಪೆಟ್ಟು ಬಿದ್ದದ್ದನ್ನು ವೈದ್ಯರು ಪತ್ತೆ ಹಚ್ಚಿದರು. ಕಾರಣ ಪಾದರಸ. ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇಲ್ಲದ ಕ್ರೀಮ್ ಡಬ್ಬಿಯನ್ನು, ಅದರ ಮೇಲೆ ಯಾವ ಮುದ್ರೆಯೇ ಇರಲಿ, ಅಂಗಡಿಯಲ್ಲೇ ಇಟ್ಟು ಬನ್ನಿ.