ಚಿಕಿತ್ಸಾ ಗುಂಪಿನ ವಾತಾವರಣ: ಮಾಪನದ ಇತಿಹಾಸ

ಗುಂಪು ಮನೋಚಿಕಿತ್ಸೆಯಲ್ಲಿ ‘ವಾತಾವರಣ’ ಎಂಬ ಪದವು ಸದಸ್ಯರ ಪರಸ್ಪರ ನಡವಳಿಕೆಯಿಂದ ರೂಪುಗೊಂಡು ಅವರೆಲ್ಲರ ಅನುಭವಕ್ಕೆ ಬರುವ ಒಟ್ಟು ಸ್ಥಿತಿಯನ್ನು ಸೂಚಿಸುತ್ತದೆ. ಗುಂಪಿನ ಕಡೆಗೆ ಸದಸ್ಯರಿಗಿರುವ ಸೆಳೆತವಾದ ‘ಒಗ್ಗಟ್ಟು’ ಮತ್ತು ಚಿಕಿತ್ಸಕರೊಡನೆ ಏರ್ಪಡುವ ಸಹಕಾರದ ನಂಟು ಇದಕ್ಕೆ ನೆರೆಯ ಪರಿಕಲ್ಪನೆಗಳಾಗಿದ್ದು, ಈ ಮೂರನ್ನೂ ಒಂದಕ್ಕೊಂದು ಬದಲಾಗಿ ಬಳಸಿರುವುದರಿಂದ ಹಳೆಯ ಅಧ್ಯಯನಗಳನ್ನು ಹೋಲಿಸುವುದು ಕಷ್ಟವಾಗಿದೆ.

ಸಾಮಾಜಿಕ ವಾತಾವರಣವೆಂಬ ಕಲ್ಪನೆಗೆ ಪ್ರಾಯೋಗಿಕ ನೆಲೆ ಒದಗಿಸಿದವರು ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್. 1939ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಬಾಲಕರ ಸಂಘಗಳ ವಾತಾವರಣವನ್ನು ಮುಖ್ಯವಾಗಿ ಹೊರಗಿನ ವೀಕ್ಷಕರು ದಾಖಲಿಸಿದ್ದರು. ಸದಸ್ಯರನ್ನೇ ಕೇಳಿ ತಿಳಿಯುವ ಕ್ರಮವನ್ನು ರುಡಾಲ್ಫ್ ಮೂಸ್ 1970ರ ದಶಕದಲ್ಲಿ ವ್ಯವಸ್ಥಿತಗೊಳಿಸಿದರು. ಸರಿ-ತಪ್ಪು ಎಂದು ಗುರುತಿಸಬೇಕಾದ 90 ಹೇಳಿಕೆಗಳ ಅವರ ಮಾಪಕವು ಚಿಕಿತ್ಸಾ ಗುಂಪುಗಳಿಗಷ್ಟೇ ಮೀಸಲಾಗಿರಲಿಲ್ಲ.

ಚಿಕಿತ್ಸಾ ಗುಂಪಿಗೆಂದೇ ರೂಪುಗೊಂಡು ಹೆಚ್ಚು ಬಳಕೆಗೆ ಬಂದ ಸಾಧನವೆಂದರೆ ಕೆನಡಾದ ಮನೋವೈದ್ಯ ಕೆ. ರಾಯ್ ಮೆಕೆಂಜಿ ಅವರ ಪ್ರಶ್ನಾವಳಿ. 1981ರಲ್ಲಿ ಪ್ರಕಟವಾದ ಅದರ ಮೊದಲ ರೂಪದಲ್ಲಿ 32 ಹೇಳಿಕೆಗಳಿದ್ದವು. 1983ರ ಕಿರುರೂಪದಲ್ಲಿ ಅವು 12ಕ್ಕೆ ಇಳಿದವು. ಪ್ರತಿ ಹೇಳಿಕೆಗೂ 0ಯಿಂದ 6ರವರೆಗೆ ಅಂಕ ಕೊಡಬೇಕಾದುದರಿಂದ ಬೈಠಕ್ ಮುಗಿದ ಕೂಡಲೇ ಕೆಲವೇ ನಿಮಿಷಗಳಲ್ಲಿ ಅದನ್ನು ತುಂಬಿಸಬಹುದಿತ್ತು, ಮತ್ತು ಅದು ಬೇಗ ಹರಡಲು ಈ ಅನುಕೂಲವೂ ಕಾರಣವೆನ್ನಬೇಕು. ಹೇಳಿಕೆಗಳಲ್ಲಿ ಐದು ತೊಡಗುವಿಕೆಗೆ, ನಾಲ್ಕು ಸಂಘರ್ಷಕ್ಕೆ, ಮೂರು ನುಣುಚಿಕೊಳ್ಳುವಿಕೆಗೆ, ಎಂದರೆ ಬದಲಾವಣೆಯ ಹೊಣೆಯಿಂದ ಜಾರಿಕೊಳ್ಳುವುದಕ್ಕೆ, ಸಂಬಂಧಿಸಿವೆ. ಸದಸ್ಯರು ಪರಸ್ಪರ ಸವಾಲೆಸೆದು ಎದುರಾಗುವುದನ್ನು ಮೆಕೆಂಜಿ ಸಂಘರ್ಷಕ್ಕಲ್ಲ, ತೊಡಗುವಿಕೆಗೇ ಸೇರಿಸಿರುವುದು ಗಮನಾರ್ಹ: ಮುನಿಸು, ಅಪನಂಬಿಕೆ ಬೇರೆ, ವಿಷಯವನ್ನು ಬಗೆಹರಿಸಲು ನಡೆಯುವ ಮುಖಾಮುಖಿ ಬೇರೆ ಎಂಬ ವಿವೇಚನೆ ಅದರಲ್ಲಿ ಅಡಗಿದೆ. ಇದಕ್ಕೆ ವ್ಯತಿರಿಕ್ತವಾಗಿ, ನಿರ್ದೇಶನಕ್ಕಾಗಿ ಮುಂದಾಳನ್ನು ಅವಲಂಬಿಸುವುದು ನುಣುಚಿಕೊಳ್ಳುವಿಕೆಯ ಲೆಕ್ಕಕ್ಕೆ ಹೋಗುತ್ತದೆ. ಮೊದಲ ಬೈಠಕ್‌ಗಳಲ್ಲಿ ಇಂತಹ ಅವಲಂಬನೆ ಸಹಜವಾದುದರಿಂದ ಈ ಅಂಕವನ್ನು ಗುಂಪಿನ ವಯಸ್ಸು ನೋಡದೆ ಓದುವಂತಿಲ್ಲ. ಮೂರೇ ಹೇಳಿಕೆಗಳ ಈ ಉಪಮಾಪಕದ ಆಂತರಿಕ ಸುಸಂಗತತೆ, ಎಂದರೆ ಅದರ ಹೇಳಿಕೆಗಳಿಗೆ ಬರುವ ಉತ್ತರಗಳ ಹೊಂದಾಣಿಕೆ, ದುರ್ಬಲವೆಂಬ ಆಕ್ಷೇಪವೂ ಮತ್ತೆ ಮತ್ತೆ ಕೇಳಿಬಂದಿದೆ.

ಹೆಚ್ಚು ಬಿಕ್ಕಟ್ಟಿನ ಪ್ರಶ್ನೆ ಹುಟ್ಟಿದ್ದು ಹೇಳಿಕೆಗಳ ವ್ಯಾಕರಣದಿಂದ. ಅವುಗಳ ಕರ್ತೃಪದ ‘ಸದಸ್ಯರು’. ಉತ್ತರಿಸುವವನಾದರೋ ಒಬ್ಬ ಸದಸ್ಯ. ಹೀಗಿರುವಾಗ ದೊರೆಯುವ ಅಂಕ ಗುಂಪಿನ ಲಕ್ಷಣವೋ ಉತ್ತರಿಸಿದವನ ಮನಃಸ್ಥಿತಿಯೋ ಎಂಬುದನ್ನು ಬಿಡಿಸಿ ಹೇಳಲಾಗದು, ಮತ್ತು ಸರಾಸರಿ ತೆಗೆದರೆ ಎಲ್ಲರೂ ನೆಮ್ಮದಿಯಿಂದಿರುವಲ್ಲಿ ಒಬ್ಬನೇ ಅನುಭವಿಸುವ ಉಸಿರುಗಟ್ಟುವಿಕೆ ಮರೆಯಾಗುತ್ತದೆ. ಒಂದೇ ಗುಂಪಿನ ಸದಸ್ಯರ ಉತ್ತರಗಳು ಪರಸ್ಪರ ಸ್ವತಂತ್ರವಲ್ಲವಾದುದರಿಂದ ಸಾಮಾನ್ಯ ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳು ಇಲ್ಲಿ ದಾರಿತಪ್ಪಿಸುವ ಸಂಭವವಿತ್ತು. ಸದಸ್ಯ ಮತ್ತು ಗುಂಪು ಎಂಬ ಎರಡು ಸ್ತರಗಳನ್ನು ಪ್ರತ್ಯೇಕಿಸುವ ಬಹುಸ್ತರ ವಿಶ್ಲೇಷಣೆ ಬಳಕೆಗೆ ಬಂದ ಮೇಲೆಯೇ ಈ ತೊಡಕು ಸಡಿಲವಾಯಿತು.

ಜಾನ್ಸನ್, ಬರ್ಲಿಂಗೇಮ್ ಮತ್ತು ಸಂಗಡಿಗರು 2005ರಲ್ಲಿ 111 ಗುಂಪುಗಳ 662 ಸದಸ್ಯರ ಉತ್ತರಗಳನ್ನು ಈ ಬಗೆಯಲ್ಲಿ ವಿಶ್ಲೇಷಿಸಿ, ವಾತಾವರಣ, ಒಗ್ಗಟ್ಟು, ಸಹಕಾರದ ನಂಟು ಮತ್ತು ಸಹಾನುಭೂತಿಗಳೆಂದು ಬೇರೆಬೇರೆ ಹೆಸರಿನಲ್ಲಿದ್ದ ಮಾಪಕಗಳು ಬಹುಮಟ್ಟಿಗೆ ಒಂದರ ಮೇಲೊಂದು ಹರಡಿಕೊಂಡಿವೆಯೆಂದು ತೋರಿಸಿದರು. ಅವುಗಳ ಕೆಳಗೆ ಅವರಿಗೆ ಕಂಡದ್ದು ಆತ್ಮೀಯ ಬಾಂಧವ್ಯ, ಕೂಡಿ ದುಡಿಯುವ ಸಂಬಂಧ ಮತ್ತು ಕಹಿ ಸಂಬಂಧವೆಂಬ ಮೂರು ಗುಣಗಳು. ಈ ಮೂರನ್ನೇ ಆಧರಿಸಿ ಹುಟ್ಟಿದ 30 ಹೇಳಿಕೆಗಳ ಹೊಸ ಪ್ರಶ್ನಾವಳಿ 2013ರಲ್ಲಿ ಪ್ರಕಟವಾಯಿತು. ಅದು ಇತರ ಸದಸ್ಯರೊಡನೆ, ಇಡೀ ಗುಂಪಿನೊಡನೆ ಮತ್ತು ಮುಂದಾಳಿನೊಡನೆ ಇರುವ ಸಂಬಂಧಗಳನ್ನು ಬೇರೆಬೇರೆಯಾಗಿ ವಿಚಾರಿಸುತ್ತದೆ.